ಹಳೇ ಬಾಡಿಗೆ ಮನೆ ಕಿಟಕಿಯಿಂದ ಪೇಂಟ್ ಪುಡಿ ಉದುರುತ್ತಿದೆ, ಯಾರು ಸರಿ ಮಾಡಿಸಬೇಕು?

ಪ್ರಶ್ನೆ:
ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹಳೇ ಮನೆಯೊಂದರಲ್ಲಿ ಬಾಡಿಗೆಗಿದ್ದೇವೆ. ಮರದ ಕಿಟಕಿ, ಕಬ್ಬಿಣದ ಸರಳು, ಎಲ್ಲದಕ್ಕೂ ಹಸಿರು ಆಯಿಲ್ ಪೇಂಟ್. ಮಳೆಗಾಲದಲ್ಲಿ ಮರ ಉಬ್ಬಿ ಕಿಟಕಿ ಬಿಗಿಯಾಗುತ್ತದೆ. ಎಳೆದು ಹಾಕಿದಾಗೆಲ್ಲ ಹಸಿರು ಪುಡಿ ಬೀಳುತ್ತದೆ. ಸರಳಿನ ಮೇಲೆ ಹಕ್ಕಳೆ ಎದ್ದ ಕಡೆ ಒಳಗೆ ಕೇಸರಿ ಪದರ ಕಾಣುತ್ತದೆ. ಮಗಳಿಗೆ ಎರಡು ವರ್ಷ. ಅದೇ ಸರಳು ಹಿಡಿದು ರಸ್ತೆ ನೋಡುತ್ತಾ ನಿಲ್ಲುತ್ತಾಳೆ, ಆಮೇಲೆ ಕೈ ಸೀದಾ ಬಾಯಿಗೆ. ಹಳೇ ಪೇಂಟಿನಲ್ಲಿ ಸೀಸ ಇರುತ್ತದಂತೆ. ಓನರ್ ಕೇಳಿದರೆ "ಬೇಕಿದ್ದರೆ ನೀವೇ ಹೊಡೆಸಿಕೊಳ್ಳಿ" ಎಂದರು. ಇದು ಅವರ ಜವಾಬ್ದಾರಿ ಅಲ್ವಾ?

ಉತ್ತರ 1:
ಸಾಗರದಲ್ಲಿ ಪೇಂಟಿಂಗ್ ಕೆಲಸ ಮಾಡಿಸುತ್ತೇನೆ. ದಯವಿಟ್ಟು ಸುಮ್ನೆ ಉಜ್ಜುಕಾಗದ ಹಿಡಿದು ಕೂರಬೇಡಿ. ಕಬ್ಬಿಣಕ್ಕೆ ಮೊದಲೆಲ್ಲ ರೆಡ್ ಲೆಡ್ ಪ್ರೈಮರ್ ಹೊಡೆಯುತ್ತಿದ್ದರು, ಅದು ಸೀಸದ್ದೇ, ಬಣ್ಣ ಕೇಸರಿ. ಬಣ್ಣ ನೋಡಿ ಖಚಿತ ಹೇಳಲಾಗದು, ಲ್ಯಾಬಿನಲ್ಲೇ ಗೊತ್ತಾಗಬೇಕು. ಆದರೆ ಇದೆ ಅಂದುಕೊಂಡೇ ಕೆಲಸ ಮಾಡಿ. ಮನೆಗೆ ಹೊಡೆಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ.

ಒಣಗಿದ ಪೇಂಟ್ ಉಜ್ಜಿದರೆ ಪುಡಿ ಮನೆಯೆಲ್ಲ ಹರಡುತ್ತದೆ. ಬೆಂಕಿ ಹಿಡಿದು ಸುಟ್ಟರೆ ಹೊಗೆ ಇನ್ನೂ ಅಪಾಯ. ನೀರು ಚಿಮುಕಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಕೆರೆಯಬೇಕು. ಮುಗಿಯುವವರೆಗೆ ಮಗು ಬೇರೆ ಮನೆಯಲ್ಲಿರಲಿ. ಇನ್ನೊಂದು, ಕಿಟಕಿ ಚೌಕಟ್ಟಿಗೆ ತಿಕ್ಕುವುದು ನಿಲ್ಲದೆ ಮೇಲೆ ಹೊಸ ಪೇಂಟ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪುಡಿ. ಅಂಚಿನ ಹಳೇ ಪೇಂಟನ್ನು ಒದ್ದೆ ಮಾಡಿಯೇ ಕೆರೆಸಿ, ಆಮೇಲೆ ಬಡಗಿ ಹತ್ತಿರ ಸಡಿಲ ಮಾಡಿಸಿ.

ಉತ್ತರ 2:
ಅಮೆರಿಕದಲ್ಲಿ 1978ಕ್ಕಿಂತ ಹಳೇ ಮನೆಯಾದರೆ, ಸೀಸದ ಪೇಂಟ್ ಇರುವುದು ಗೊತ್ತಿದ್ದರೆ ಬಾಡಿಗೆಗೆ ಕೊಡುವ ಮೊದಲೇ ಓನರ್ ತಿಳಿಸಬೇಕು. ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ನೋಡಿ. ಬಾಡಿಗೆದಾರನ ಕಣ್ಣಿಗೆ ಸುಲಭವಾಗಿ ಬೀಳದ ದೊಡ್ಡ ದೋಷ ತನಗೆ ಗೊತ್ತಿದ್ದರೆ ಓನರ್ ಹೇಳಲೇಬೇಕು. ಅವರೇ ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದು. ಆದರೆ ಪೇಂಟಿಂಗ್ ಯಾರ ಪಾಲಿಗೆ ಎಂದು ನಿಮ್ಮ ಅಗ್ರಿಮೆಂಟಿನಲ್ಲಿ ಏನಿದೆ? ಮೊದಲು ಅದನ್ನು ಓದಿ. ಆಮೇಲೆ ಫೋಟೋ ಸಮೇತ ಬರಹದಲ್ಲಿ ತಿಳಿಸಿ, ಬಾಯಿಮಾತು ಬೇಡ.

ಉತ್ತರ 3:
ಜಗಳ ಆಮೇಲೆ, ಮೊದಲು ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಹೊರಗೆ ಏನೂ ಕಾಣದಿದ್ದರೂ ಒಳಗೆ ಸೇರಿರಬಹುದು. ಕಿಟಕಿ ಕಟ್ಟೆಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ ಕೇಳಿದವರು:
ಅಗ್ರಿಮೆಂಟಿನಲ್ಲಿ ಪೇಂಟಿಂಗ್ ಸುದ್ದಿಯೇ ಇಲ್ಲ. ಪತ್ರ ಬರೆದು ಫೋಟೋ ಲಗತ್ತಿಸಿದ್ದೇನೆ, ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ರಕ್ತ ಪರೀಕ್ಷೆಗೆ ಮಕ್ಕಳ ಡಾಕ್ಟರ್ ಚೀಟಿ ಕೊಟ್ಟಿದ್ದಾರೆ.