ಭಾಷೆ ತಲೆಗೆ ಹತ್ತುವುದಿಲ್ಲ ಅಂದ ತಂಗಿಗೆ: ಓದುಗರ ಸ್ಪಂದನ

ಕಳೆದ ವಾರ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ 34 ವರ್ಷದ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಮನೆಮಾತು ತುಳು, ಹತ್ತನೆಯವರೆಗೆ ಕನ್ನಡ ಮೀಡಿಯಂ. ಕುಟುಂಬಶ್ರೀ ಅಯಲ್‌ಕೂಟದಲ್ಲಿ, ಅಂದರೆ ಕೇರಳ ಸರಕಾರದ ಮಹಿಳಾ ಯೋಜನೆಯ ನೆರೆಹೊರೆ ಗುಂಪಿನಲ್ಲಿ, ಆರು ವರ್ಷದಿಂದ ಲೆಕ್ಕ ಬರೆಯುತ್ತಿದ್ದಾರೆ. ಎಡಿಎಸ್ (ವಾರ್ಡಿನ ಎಲ್ಲ ಅಯಲ್‌ಕೂಟಗಳ ಒಕ್ಕೂಟ) ಕಾರ್ಯದರ್ಶಿ ಆಗಬೇಕು ಅಂತ ಎಲ್ಲರೂ ಒತ್ತಾಯ ಮಾಡಿದರೂ ಎರಡು ಸಲ ಬೇಡ ಅಂದರು. ಪಂಚಾಯತಿನ ಸಭೆಯಲ್ಲಿ ಮಲಯಾಳ ಮಾತಾಡಬೇಕಾಗುತ್ತದೆ ಅನ್ನುವ ಹೆದರಿಕೆ. "ಎಂಟನೇ ಕ್ಲಾಸಿಗೆ ಮಲಯಾಳ ಮಾತ್ರ ಬರುವ ಟೀಚರ್ ಬಂದಿದ್ದರು. ಮಳೆಗೆ 'ಮೞ' ಅನ್ನಬೇಕಾದಲ್ಲಿ ನಾನು 'ಮಳ' ಅಂದೆ. ಅವರು ನಕ್ಕರು. ಅವರು ನಕ್ಕದ್ದು ನೋಡಿ ಕ್ಲಾಸೂ ನಕ್ಕಿತು. ನಿನ್ನ ತಲೆಗೆ ಭಾಷೆ ಹತ್ತುವುದಿಲ್ಲ ಅಂದರು. ಅದು ನಿಜವೇ ಅಂತ ಈಗಲೂ ಅನಿಸುತ್ತದೆ" ಎಂದು ಬರೆದಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಅಧ್ಯಾಪಕಿ, ಕುಂಬಳೆ

ತಂಗೀ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನೂ 31 ವರ್ಷ ಪಾಠ ಮಾಡಿದವಳು. ಅಂಥ ಮಾತು ನನ್ನ ಬಾಯಿಂದಲೂ ಬಂದಿರಬಹುದು. ನಮಗೆ ಅದು ಆ ಹೊತ್ತಿನ ಸಿಟ್ಟು, ಬೆಲ್ ಹೊಡೆದಾಗ ಮರೆತುಹೋಗುತ್ತದೆ. ಮಗು ಅದನ್ನು ಪುಸ್ತಕದ ಜೊತೆ ಮನೆಗೆ ತಕ್ಕೊಂಡು ಹೋಗಿ ಇಪ್ಪತ್ತು ವರ್ಷ ಇಟ್ಟುಕೊಳ್ಳುತ್ತದೆ. ಆ ಟೀಚರ ಪರವಾಗಿ ನಾನು ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ.

ನೀವು ಲೆಕ್ಕದವರಲ್ವಾ, ಒಂದು ಲೆಕ್ಕ ಮಾಡೋಣ. ಅಮ್ಮನ ಹತ್ತಿರ ತುಳು. ಪತ್ರ ಬರೆದದ್ದು ಒಳ್ಳೆ ಕನ್ನಡದಲ್ಲಿ. ಮನೆ ಬಾಗಿಲಿಗೆ ಮೀನು ತರುವವರ ಹತ್ತಿರ ಯಾವ ಭಾಷೆಯಲ್ಲಿ ಚೌಕಾಶಿ ಮಾಡುತ್ತೀರಿ? ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ ಹತ್ತಿರ? ನಮ್ಮ ಊರಲ್ಲಿ ಮನೆಮಾತು ಒಂದು, ಓದು ಒಂದು ಆಗಿರುವುದು ಹೊಸತೇನಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ನಿಮ್ಮ ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಇಬ್ಬರೂ ಕನ್ನಡದ ದೊಡ್ಡ ಕವಿಗಳಾದರು.

ಇನ್ನು ನಿಮ್ಮನ್ನು ನೋಡಿ ಕ್ಲಾಸು ನಗುವಂತೆ ಮಾಡಿದ ಆ ಅಕ್ಷರದ ವಿಷಯ. 'ೞ' ನಮ್ಮದೂ ಹೌದು. ಹಳಗನ್ನಡದಲ್ಲಿ ಮೞೆ, ಕೋೞಿ, ಬಾೞೆ, ಏೞು ಅಂತಲೇ ಇತ್ತು. ಕಾಲ ಕಳೆದಂತೆ ನಾವು ಅದನ್ನು ಬಿಟ್ಟೆವು, ಮಲಯಾಳದವರು ಇಟ್ಟುಕೊಂಡರು. ಅಂದರೆ ನೀವು ಆ ದಿನ ಹೇಳಿದ್ದು ಇವತ್ತಿನ ಕನ್ನಡದ ನಾಲಿಗೆಯಲ್ಲಿ ಬರುವ ಮಾತು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಇನ್ನೊಂದು ಸಣ್ಣ ಉಪಾಯ ಹೇಳುತ್ತೇನೆ, ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು. ಕನ್ನಡದ 'ಹ' ಇರುವಲ್ಲಿ 'ಪ' ಹಾಕಿ ನೋಡಿ. ಹಾಲು ಮಲಯಾಳದಲ್ಲಿ ಪಾಲ್ ಆಗುತ್ತದೆ, ಹಲ್ಲು ಪಲ್ಲ್, ಹಣ ಪಣಂ, ಹುಲಿ ಪುಲಿ. ತುಳುವಿನಲ್ಲಿ ನೀವು ಪಿಲಿ, ಪೂ, ಪತ್ತ್ ಅನ್ನುವುದಿಲ್ವಾ? ಅರ್ಧ ದಾರಿ ಆಗಲೇ ನಡೆದಿದ್ದೀರಿ. 'ಬ' ಇರುವಲ್ಲಿ 'ವ' ಹಾಕಿ: ಬಾಯಿ ವಾಯ್, ಬೇರು ವೇರ್. ಎಲ್ಲ ಕಡೆ ಹೊಂದುವುದಿಲ್ಲ, ಆದರೆ ಬಹಳ ಕಡೆ ಹೊಂದುತ್ತದೆ. ಅಡಿಗೆ ಮಾಡುವಾಗ ಎದುರಿಗಿರುವ ಸಾಮಾನುಗಳ ಹೆಸರು ಹೀಗೆ ಹೇಳಿಕೊಳ್ಳಿ. ಯಾರೂ ಕೇಳಿಸಿಕೊಳ್ಳುವುದಿಲ್ಲ, ಯಾರೂ ನಗುವುದಿಲ್ಲ.

ಎಡಿಎಸ್ ಕಾರ್ಯದರ್ಶಿ, ಮುಳ್ಳೇರಿಯ ಕಡೆಯವರು

ಅಕ್ಕಾ, ನಾನೂ ಕನ್ನಡ ಮೀಡಿಯಂ. ಮೊದಲ ಸಭೆಯ ಹಿಂದಿನ ರಾತ್ರಿ ಹೇಳಬೇಕಾದ ಎರಡೇ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಡೈರಿಯ ಕೊನೆಯ ಪುಟದಲ್ಲಿ ಬರೆದುಕೊಂಡೆ. "ಞಙ್ಙಳುಡೆ ವಾರ್ಡಿಲ್ ಪದಿನಾಲ್ ಅಯಲ್‌ಕೂಟಂ ಉಂಡ್. ರಂಡೆಣ್ಣತ್ತಿಂಡೆ ಕಣಕ್ಕ್ ಕಿಟ್ಟಿಯಿಟ್ಟಿಲ್ಲ." ನಮ್ಮ ವಾರ್ಡಿನಲ್ಲಿ 14 ಅಯಲ್‌ಕೂಟ ಇದೆ, ಎರಡರ ಲೆಕ್ಕ ಇನ್ನೂ ಸಿಕ್ಕಿಲ್ಲ, ಅಷ್ಟೇ. ಕೈ ಎಷ್ಟು ಬೆವರಿತ್ತು ಅಂದರೆ ಹೆಬ್ಬೆರಳಿನಡಿ ಶಾಯಿ ಹರಡಿ 'ಕಣಕ್ಕ್' ಓದಲಿಕ್ಕೇ ಆಗುತ್ತಿರಲಿಲ್ಲ. ಹೇಗೋ ಹೇಳಿ ಕೂತೆ. ಯಾರೂ ನಗಲಿಲ್ಲ. ಅಧ್ಯಕ್ಷೆ ತಲೆ ಎತ್ತಿ, "ಯಾವ ಎರಡು?" ಅಂತ ಕೇಳಿದರು. ಅವರಿಗೆ ಬೇಕಾದದ್ದು ಲೆಕ್ಕ.

ಆಮೇಲೆ ಮಾತು ಸಿಗದಿದ್ದಾಗ ಕನ್ನಡದಲ್ಲೇ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತ ಯಾರಾದರೂ ಆ ಮಾತನ್ನು ಮಲಯಾಳದಲ್ಲಿ ಹೇಳುತ್ತಿದ್ದರು. ನಮ್ಮ ಕಡೆಯ ಸಭೆಗಳಲ್ಲಿ ಎರಡೂ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಈಗ ನಾಲ್ಕು ವರ್ಷ ಆಯಿತು. ಈಗಲೂ ತಪ್ಪಾಗುತ್ತದೆ. ಸಾಲದ ಕಡತ ಮಾತ್ರ ಯಾವತ್ತೂ ತಪ್ಪಾಗಿಲ್ಲ. ಆರು ವರ್ಷ ಪುಸ್ತಕ ಬರೆದ ನಿಮ್ಮ ಕೈಯಲ್ಲೂ ತಪ್ಪಾಗುವುದಿಲ್ಲ.

ಒಂದು ಮಾಡಿ. ಒಪ್ಪುವ ಮೊದಲು ಈಗಿನ ಕಾರ್ಯದರ್ಶಿಯ ಜೊತೆ ಎರಡು ಸಭೆಗೆ ಸುಮ್ನೆ ಹೋಗಿ ಕೂತು ಬನ್ನಿ. ಅಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ಮೂವತ್ತೋ ನಲವತ್ತೋ, ಅಷ್ಟೇ.

ನಿವೃತ್ತ ಸರಕಾರಿ ನೌಕರ, ಮಂಜೇಶ್ವರ

ಮೇಲಿನವರ ಮಾತು ಸರಿ. ಆದರೆ ಎಲ್ಲವನ್ನೂ ನಿಮ್ಮ ಮನಸ್ಸಿನ ತಪ್ಪು ಅಂತ ತಿಳಿಯಬೇಡಿ, ತಂಗೀ. ಕನ್ನಡ ಮಕ್ಕಳ ಕ್ಲಾಸಿಗೆ ಕನ್ನಡ ಬಾರದವರನ್ನು ಕಳಿಸಿದ್ದು ನಿಮ್ಮ ತಪ್ಪಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಇಲ್ಲಿಯ ಕನ್ನಡಿಗರನ್ನು ಯಾರೂ ಕೇಳಲಿಲ್ಲ. ಅದರ ಭಾರ ಒಂದು ಎಂಟನೇ ಕ್ಲಾಸಿನ ಹುಡುಗಿಯ ತಲೆ ಮೇಲೆ ಬಿದ್ದದ್ದು ನನಗೆ ಬಹಳ ಬೇಸರ ತಂದಿದೆ.

1969ರ ಕೇರಳ ಭಾಷಾ ಕಾನೂನಿನಲ್ಲಿ ಕನ್ನಡಿಗರಿಗೂ ತಮಿಳರಿಗೂ ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನೀವು ಆ ಸ್ಥಾನದಲ್ಲಿ ಕೂತರೆ ವಾರ್ಡಿನ ಹೆಂಗಸರಿಗೆ ನೋಟೀಸು, ಫಾರ್ಮು ಕನ್ನಡದಲ್ಲಿ ಬೇಕು ಅಂತ ಕೇಳುವವರು ಒಬ್ಬರಾದರೂ ಇರುತ್ತಾರೆ. ಮಲಯಾಳ ಕಲಿಯಿರಿ, ಒಳ್ಳೆಯದೇ. ಆದರೆ ಕನ್ನಡದಲ್ಲಿ ಮಾತಾಡಿದ್ದಕ್ಕೆ ತಲೆ ತಗ್ಗಿಸಬೇಡಿ.

ಆಪ್ತಸಮಾಲೋಚಕಿ, ಕಾಸರಗೋಡು

ನೀವು ಎರಡು ಸಲ ಬೇಡ ಅಂದಾಗ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಎದೆ ಹಗುರ ಆಯಿತು ಅಲ್ವಾ? ಆ ಹಗುರವೇ ನಿಮ್ಮನ್ನು ಕಟ್ಟಿಹಾಕುತ್ತಿದೆ. ಸದ್ಯ, ತಪ್ಪಿಸಿಕೊಂಡೆ ಅಂತ ಮನಸ್ಸು ತಿಳಿಯುತ್ತದೆ. ಮುಂದಿನ ಸಲಕ್ಕೆ ಹೆದರಿಕೆ ಇನ್ನೂ ಗಟ್ಟಿಯಾಗುತ್ತದೆ. ಟೀಚರ ಮಾತು ಸುಳ್ಳು ಅಂತ ತೋರಿಸುವ ಅವಕಾಶ ಮನಸ್ಸಿಗೆ ಸಿಗುವುದೇ ಇಲ್ಲ.

ಆಲ್ಬರ್ಟ್ ಬಂಡೂರ ಅನ್ನುವ ಮನಃಶಾಸ್ತ್ರಜ್ಞರು 1977ರಲ್ಲಿ ಇದರ ಬಗ್ಗೆ ಬರೆದರು. 'ನನ್ನಿಂದ ಆಗುತ್ತದೆ' ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅಂದರು: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರು ಕೊಟ್ಟ ಧೈರ್ಯ, ಮತ್ತು ಮೈ ನಡುಗಿದಾಗ ಅದನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳುತ್ತೇವೆ ಅನ್ನುವುದು. ಎಲ್ಲಕ್ಕಿಂತ ಜಾಸ್ತಿ ಬಲ ಮೊದಲನೆಯದಕ್ಕೆ. ನಾವೆಲ್ಲ ಇಲ್ಲಿ ಬರೆದದ್ದು ಬರೀ ಮೂರನೆಯದು. ಮುಳ್ಳೇರಿಯದವರ ಕಥೆ ಎರಡನೆಯದು. ಅವರ ಕೈಯೂ ಬೆವರಿತ್ತು, ನೋಡಿ. ಆ ಬೆವರನ್ನು ಅವರು 'ನನಗೆ ಬರುವುದಿಲ್ಲ' ಅನ್ನುವುದಕ್ಕೆ ಸಾಕ್ಷಿ ಮಾಡಿಕೊಳ್ಳಲಿಲ್ಲ. ಮೊದಲನೆಯದನ್ನು ನೀವೇ ಮಾಡಬೇಕು. ಬರುವ ಭಾನುವಾರ ನಿಮ್ಮ ಅಯಲ್‌ಕೂಟದಲ್ಲೇ, ನಿಮ್ಮನ್ನು ಬಲ್ಲವರ ಎದುರಿಗೆ, ಆ ವಾರದ ಉಳಿತಾಯದ ಮೊತ್ತವನ್ನು ಮಲಯಾಳದಲ್ಲಿ ಓದಿ. ಒಂದೇ ಸಾಲು ಸಾಕು.

ಕಾಲೇಜು ವಿದ್ಯಾರ್ಥಿನಿ, ಪೆರ್ಲ

ಅಕ್ಕಾ, ನನ್ನ ಅಮ್ಮನೂ ನಿಮ್ಮ ಹಾಗೇ. ಅಯಲ್‌ಕೂಟಕ್ಕೆ ಹೋದರೆ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ನಿಮ್ಮ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಹಲಸಿನ ಹಪ್ಪಳ ಒತ್ತುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ನಿನ್ನೆ ಸಂಜೆ ಅವಳೇ ಕೇಳಿದಳು, "ಆ ಬದಿಯಡ್ಕದ ಹೆಂಗಸು ಒಪ್ಪಿದಳಾ?" ಅಂತ. ಗೊತ್ತಿಲ್ಲ ಅಂದೆ. ದಯವಿಟ್ಟು ಬರೆದು ತಿಳಿಸ್ತೀರಾ? ಅಮ್ಮನಿಗೆ ಓದಿ ಹೇಳಬೇಕು.