ನಿಕಾನ್ ಡಿ7200 + 85 ಮಿ.ಮೀ. ಎಫ್/1.8: ಫೋಕಸ್ ಹಿಂದೆ ಬೀಳುತ್ತಿದೆ, ಎಎಫ್ ಫೈನ್-ಟ್ಯೂನ್ ಮಾಡುವುದು ಹೇಗೆ?

ಬೆಳಕಿಂಡಿ:
ಎಲ್ಲರಿಗೂ ನಮಸ್ಕಾರ. ಬಾಡಿ ನಿಕಾನ್ ಡಿ7200, ಲೆನ್ಸ್ 85 ಮಿ.ಮೀ. ಎಫ್/1.8ಜಿ. ಎರಡು ಮೀಟರ್ ದೂರದಿಂದ ಎಫ್/1.8ರಲ್ಲಿ ಮುಖ ತೆಗೆದರೆ ಕಣ್ಣಿನ ರೆಪ್ಪೆ ಮಸುಕು, ಕಿವಿಯ ಹತ್ತಿರದ ಕೂದಲು ಶಾರ್ಪ್. ಎಎಫ್-ಎಸ್ ಮೋಡ್ (ಒಮ್ಮೆ ಫೋಕಸ್ ಆದರೆ ಅಲ್ಲೇ ಲಾಕ್ ಆಗುವ ಆಟೋಫೋಕಸ್), ನಡುವಿನ ಒಂದೇ ಪಾಯಿಂಟ್. ಅದನ್ನು ಕಣ್ಣಿನ ಮೇಲಿಟ್ಟು ಲಾಕ್ ಮಾಡಿ, ಆಮೇಲೆ ಫ್ರೇಮ್ ಸರಿಮಾಡಿಕೊಳ್ಳುತ್ತೇನೆ. ಕಿಟ್ ಲೆನ್ಸ್ 18-140ರಲ್ಲಿ ಈ ತೊಂದರೆ ಕಾಣುವುದಿಲ್ಲ.

ಸೆಟಪ್ ಮೆನುವಿನಲ್ಲಿ ಎಎಫ್ ಫೈನ್-ಟ್ಯೂನ್ (ಆಟೋಫೋಕಸ್ ಬೀಳುವ ಜಾಗವನ್ನು ಚೂರು ಮುಂದೆ-ಹಿಂದೆ ಸರಿಸುವ ಸೆಟ್ಟಿಂಗ್) ಇದೆ, −20ರಿಂದ +20ರವರೆಗೆ. ಪ್ಲಸ್ಸಿಗೆ ಹೋಗಬೇಕೋ ಮೈನಸ್ಸಿಗೋ? ಇದೇ ಲೆನ್ಸಿಗೆ −10 ಇಟ್ಟರೆ ಸರಿಹೋಗುತ್ತದೆ ಅಂತ ಎಲ್ಲೋ ಓದಿದೆ, ಅದನ್ನೇ ಇಡಬಹುದಾ? ಟ್ರೈಪಾಡ್, ಸ್ಕೇಲು, ಪ್ರಿಂಟರ್ ಮನೆಯಲ್ಲಿವೆ. ಕ್ಯಾಲಿಬ್ರೇಶನ್ ಚಾರ್ಟ್ ಕೊಳ್ಳಲೇಬೇಕಾ?

ಗಾಜುಗಣ್ಣು:
ಬೇರೆಯವರ −10 ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಅದು ಲೆನ್ಸಿನ ಅಂಕಿಯಲ್ಲ, ಅವರ ಬಾಡಿ-ಲೆನ್ಸ್ ಜೋಡಿಯ ಅಂಕಿ. ವ್ಯೂಫೈಂಡರ್ ನೋಡಿ ಫೋಕಸ್ ಮಾಡುವಾಗ ಬೆಳಕು ಮುಖ್ಯ ಕನ್ನಡಿಯ ಹಿಂದಿರುವ ಸಣ್ಣ ಕನ್ನಡಿಗೆ ತಾಗಿ, ಬಾಡಿಯ ತಳದಲ್ಲಿರುವ ಎಎಫ್ ಸೆನ್ಸರಿಗೆ ಇಳಿಯುತ್ತದೆ. ಫೋಟೊ ಬೀಳುವುದು ಮಾತ್ರ ಹಿಂದಿನ ಇಮೇಜ್ ಸೆನ್ಸರಿನ ಮೇಲೆ. ಈ ಎರಡು ದಾರಿಗಳ ಉದ್ದ ಒಂದಿಷ್ಟೇ ಇಷ್ಟು ಹೆಚ್ಚುಕಮ್ಮಿಯಾದರೂ ಫೋಕಸ್ ಮುಂದೆಯೋ ಹಿಂದೆಯೋ ಬೀಳುತ್ತದೆ. ನಿಮ್ಮ ಕಿಟ್ ಲೆನ್ಸಿನಲ್ಲೂ ಅದೇ ತಪ್ಪು ಇದ್ದೀತು, ಎಫ್/5.6ರ ಡೆಪ್ತ್ (ಶಾರ್ಪ್ ಆಗಿ ಕಾಣುವ ಆಳ) ಮುಚ್ಚಿಹಾಕುತ್ತಿರಬಹುದು. 85ರಲ್ಲಿ ಆ ರಿಯಾಯಿತಿ ಇಲ್ಲ: 2 ಮೀಟರಿನಲ್ಲಿ ಒಟ್ಟು ಡೆಪ್ತ್ ಸುಮಾರು 4 ಸೆಂ.ಮೀ. ಮಾತ್ರ, ಕಣ್ಣಿನ ಮುಂದೆ 2, ಹಿಂದೆ 2.

ಮೊದಲು ಆ ಲಾಕ್ ಮಾಡಿ ಫ್ರೇಮ್ ತಿರುಗಿಸುವ ಅಭ್ಯಾಸ ಬಿಟ್ಟು ನೋಡಿ. ಕ್ಯಾಮೆರಾ 5 ಡಿಗ್ರಿ ತಿರುಗಿದರೆ 2 ಮೀಟರಿನಲ್ಲಿ ಫೋಕಸ್ ತಲ ಕಣ್ಣಿನಿಂದ 7-8 ಮಿ.ಮೀ. ಹಿಂದೆ ಸರಿಯುತ್ತದೆ. ಈ ತಪ್ಪು ಯಾವತ್ತೂ ಹಿಂದಕ್ಕೇ ಬೀಳುವುದರಿಂದ ಜನ ಇದನ್ನೇ ಬ್ಯಾಕ್ ಫೋಕಸ್ ಅಂದುಕೊಳ್ಳುತ್ತಾರೆ. ಡಿ7200ರಲ್ಲಿ 51 ಪಾಯಿಂಟ್ ಇವೆ, ಕಣ್ಣಿನ ಹತ್ತಿರದ್ದನ್ನೇ ಆರಿಸಿ. ಆದರೆ ಕಿವಿಯವರೆಗೆ ಹೋಗಲು ಇದೊಂದೇ ಸಾಲದು, ಹಾಗಾಗಿ ಪರೀಕ್ಷೆ ಬೇಕು.

ಚಾರ್ಟ್ ಕೊಳ್ಳಬೇಡಿ. ಎ4 ಹಾಳೆಯಲ್ಲಿ ದಪ್ಪ ಕಪ್ಪು-ಬಿಳಿ ಚೌಕುಳಿ ಪ್ರಿಂಟ್ ಮಾಡಿ, ಗಟ್ಟಿ ರಟ್ಟಿನ ಡಬ್ಬಕ್ಕೆ ಅಂಟಿಸಿ, ನೆಟ್ಟಗೆ ನಿಲ್ಲಿಸಿ. ಅದರ ಪಕ್ಕಕ್ಕೆ 30 ಸೆಂ.ಮೀ. ಸ್ಕೇಲನ್ನು 45 ಡಿಗ್ರಿ ಓರೆಯಾಗಿ ಒರಗಿಸಿ. ಸ್ಕೇಲಿನ 15ರ ಗೆರೆ ಹಾಳೆಯ ಸಮಕ್ಕೇ ಬರಬೇಕು. ಫೋಕಸ್ ಮಾಡುವುದು ಹಾಳೆಯ ಮೇಲೆ, ಓದುವುದು ಸ್ಕೇಲಿನ ಮೇಲೆ. ಓರೆ ಸ್ಕೇಲಿನ ಮೇಲೇ ಫೋಕಸ್ ಮಾಡಿಸುವ ವಿಡಿಯೋಗಳನ್ನು ನಂಬಬೇಡಿ: ಎಎಫ್ ಪಾಯಿಂಟಿನ ನಿಜವಾದ ಜಾಗ ವ್ಯೂಫೈಂಡರಿನಲ್ಲಿ ಕಾಣುವ ಚೌಕಕ್ಕಿಂತ ದೊಡ್ಡದು, ಅದು ನೀವು ಅಂದುಕೊಂಡ ಗೆರೆಯನ್ನು ಬಿಟ್ಟು ಮುಂದಿನದ್ದನ್ನೋ ಹಿಂದಿನದ್ದನ್ನೋ ಹಿಡಿಯುತ್ತದೆ.

ದೂರ ಫೋಕಲ್ ಲೆಂತ್‌ನ 25ರಿಂದ 50 ಪಟ್ಟು ಇರಲಿ. ನಿಮಗೆ 2.5 ಮೀಟರ್ ಸರಿ. ಹಾಳೆ ಸೆನ್ಸರಿಗೆ ಸಮಾನಾಂತರವಾಗಿದೆಯೇ ಎಂದು ತಿಳಿಯಲು ಹಾಳೆಯ ನಡುವೆ ಒಂದು ಚಪ್ಪಟೆ ಕನ್ನಡಿ ಒತ್ತಿಹಿಡಿದು ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ಕಾಣುವ ನೇರ ಚಿತ್ರ) ನೋಡಿ. ನಿಮ್ಮದೇ ಲೆನ್ಸ್ ಫ್ರೇಮಿನ ನಡುವೆ ಕಂಡರೆ ನೇರವಾಗಿದೆ. ಹಗಲಿನ ಬೆಳಕು, ಐಎಸ್‌ಒ 100, ಎಫ್/1.8, ಮಿರರ್-ಅಪ್, ರಿಮೋಟ್. ರಾ ಫೈಲ್ ತೆಗೆಯಿರಿ.

ಈಗ ಮುಖ್ಯವಾದದ್ದು. ಫೈನ್-ಟ್ಯೂನ್ ಆಫ್ ಇಟ್ಟು ಮೊದಲು ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ತೆಗೆಯಿರಿ. ಅಲ್ಲಿ ಇಮೇಜ್ ಸೆನ್ಸರೇ ಫೋಕಸ್ ನೋಡುವುದರಿಂದ ಅದೇ ನಿಮ್ಮ ಅಳತೆಗೋಲು. ಅದೂ ಮಸುಕಾದರೆ ಲೆನ್ಸಿನದ್ದೇ ದೋಷ, ಫೈನ್-ಟ್ಯೂನ್‌ನಿಂದ ಏನೂ ಆಗದು. ಆಮೇಲೆ ವ್ಯೂಫೈಂಡರಿನಲ್ಲಿ ತೆಗೆಯಿರಿ. ಪ್ರತಿ ಸಲ ಫೋಕಸ್ ರಿಂಗನ್ನು ಕೈಯಿಂದ ತಿರುಗಿಸಿ ಕೆಡಿಸಿ, ಒಮ್ಮೆ ಇನ್ಫಿನಿಟಿ ಕಡೆಯಿಂದ, ಒಮ್ಮೆ ಹತ್ತಿರದ ಕಡೆಯಿಂದ ಬರುವಂತೆ ಅರ್ಧ ಒತ್ತಿ. ಒಂದು ಫೋಟೊ ನೋಡಿ ತೀರ್ಮಾನಿಸಬೇಡಿ. ಆರೇಳು ತೆಗೆದರೆ ಒಂದೆರಡು ಆಚೀಚೆ ಇರುತ್ತವೆ, ಸರಾಸರಿ ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. ಸ್ಕೇಲು ಓರೆಯಾದ್ದರಿಂದ ಅದರ ಮೇಲಿನ 10 ಮಿ.ಮೀ. ಎಂದರೆ ನಿಜವಾದ ಆಳ 7 ಮಿ.ಮೀ. ಈ ದೂರದಲ್ಲಿ ಶಾರ್ಪ್ ಜಾಗ ಮುಂದೆ-ಹಿಂದೆ ಹೆಚ್ಚುಕಡಿಮೆ ಸಮ ಇರಬೇಕು. ಮುಂದೆ ಮೂರರಲ್ಲಿ ಒಂದು, ಹಿಂದೆ ಎರಡು ಎಂಬ ಮಾತು ಇಲ್ಲಿ ಹೊಂದುವುದಿಲ್ಲ.

ಶಾರ್ಪ್ ಜಾಗ ಹಾಳೆಯ ಹಿಂದಿದ್ದರೆ ಮೈನಸ್, ಮುಂದಿದ್ದರೆ ಪ್ಲಸ್. ಪ್ಲಸ್ ಫೋಕಸನ್ನು ಕ್ಯಾಮೆರಾದಿಂದ ದೂರ ತಳ್ಳುತ್ತದೆ. ಕ್ಯಾನನ್‌ನ ಮೈಕ್ರೊಅಡ್ಜಸ್ಟ್‌ಮೆಂಟಿನಲ್ಲೂ ಹೀಗೇ. ಐದೈದರ ಹೆಜ್ಜೆಯಲ್ಲಿ ಹೋಗಿ, ಹತ್ತಿರ ಬಂದ ಮೇಲೆ ಎರಡೆರಡು. ಒಂದೊಂದೇ ಅಂಕಿಗೆ ಗುದ್ದಾಡಬೇಡಿ, ಎಎಫ್‌ನ ಸಹಜ ಚದುರುವಿಕೆಯೇ ಅದಕ್ಕಿಂತ ದೊಡ್ಡದು.

ಅಂಕಿಯನ್ನು ಸೇವ್ಡ್ ವ್ಯಾಲ್ಯೂನಲ್ಲಿ ಇಡಿ. ಡೀಫಾಲ್ಟ್ ಸೊನ್ನೆಯಾಗಿರಲಿ, ಅದು ಅಂಕಿ ಇಡದ ಎಲ್ಲ ಲೆನ್ಸಿಗೂ ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಬಾಡಿಯಾದರೆ ಮೊದಲು ನೋಡಬೇಕಾದ್ದೇ ಅದು.

ಮಿಂಚುಳ್ಳಿ:
ಸ್ಕೇಲು ಫೋಟೊ ಲೆಕ್ಕಾಚಾರ ಬೇಡವೆಂದರೆ ಚುಕ್ಕಿ ವಿಧಾನ ಇದೆ. ಲೈವ್ ವ್ಯೂನಲ್ಲಿ ಹಾಳೆಗೆ ಫೋಕಸ್ ಮಾಡಿ, ಲೆನ್ಸ್ ಅಲುಗದಂತೆ ಅದರ ಸ್ವಿಚ್ಚನ್ನು ‘ಎಂ’ (ಮ್ಯಾನ್ಯುಯಲ್ ಫೋಕಸ್) ಕಡೆಗೆ ತಳ್ಳಿ. ಇನ್ನು ರಿಂಗ್ ಮುಟ್ಟಬೇಡಿ. ಲೈವ್ ವ್ಯೂ ಆಫ್ ಮಾಡಿ, ಅರ್ಧ ಒತ್ತಿ, ವ್ಯೂಫೈಂಡರಿನ ಕೆಳಗಿನ ಹಸಿರು ಚುಕ್ಕಿ ನೋಡಿ. ಫೈನ್-ಟ್ಯೂನ್ ಅಂಕಿ ಬದಲಿಸುತ್ತಾ ಹೋಗಿ: ಎಲ್ಲಿಂದ ಎಲ್ಲಿಯವರೆಗೆ ಚುಕ್ಕಿ ಮಿನುಗದೆ ನಿಲ್ಲುತ್ತದೋ ಆ ಎರಡು ತುದಿಗಳ ನಡುವಿನ ಅಂಕಿ ನಿಮ್ಮದು. −14ರಿಂದ −2ರವರೆಗೆ ನಿಂತರೆ −8. ಡಿ500, ಡಿ850ರಲ್ಲಿ ಕ್ಯಾಮೆರಾವೇ ಲೈವ್ ವ್ಯೂ ಜೊತೆ ಹೋಲಿಸಿ ಅಂಕಿ ಇಡುವ ಸೌಲಭ್ಯ ಇದೆ, ಡಿ7200ರಲ್ಲಿ ಇಲ್ಲ.

ಹಕ್ಕಿ ತೆಗೆಯುವವರಿಗೆ ಒಂದು ಮಾತು. ಸಿಗ್ಮಾ 150-600 ಕಾಂಟೆಂಪರರಿ ಇದ್ದರೆ ಬಾಡಿಯ ಒಂದೇ ಅಂಕಿ ಸಾಲದು. ಸಿಗ್ಮಾದ ಯುಎಸ್‌ಬಿ ಡಾಕ್‌ನಲ್ಲಿ (ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ನಾಲ್ಕು ಫೋಕಲ್ ಲೆಂತ್, ಪ್ರತಿಯೊಂದಕ್ಕೂ ನಾಲ್ಕು ದೂರ, ಒಟ್ಟು 16 ಕಡೆ ಬೇರೆ ಬೇರೆ ಅಂಕಿ ಇಡಬಹುದು. ಟ್ಯಾಮ್ರಾನ್ 150-600 ಜಿ2ಗೆ ಇಂಥದ್ದೇ ಟ್ಯಾಪ್-ಇನ್ ಕನ್ಸೋಲ್ ಇದೆ. ಡಾಕ್ ನಿಮ್ಮ ಮೌಂಟಿನದ್ದೇ ಆಗಿರಬೇಕು, ಶುರುಮಾಡುವಾಗ ಬಾಡಿಯ ಅಂಕಿ ಸೊನ್ನೆ ಇರಬೇಕು. 600ಕ್ಕೆ ಕನಿಷ್ಠ 15 ಮೀಟರ್ ದೂರ ಬೇಕು. ತಾರಸಿಯ ಮೇಲೆ ಮಾಡುವುದಾದರೆ ಬಿಸಿಲೇರುವ ಮೊದಲೇ ಮುಗಿಸಿ. ಕಾಂಕ್ರೀಟಿನಿಂದೇಳುವ ಬಿಸಿಗಾಳಿಯಲ್ಲಿ ಯಾವ ಅಂಕಿಯೂ ನಿಲ್ಲುವುದಿಲ್ಲ. ಟ್ರೈಪಾಡಿನ ಮೇಲೆ ಓಎಸ್ (ಲೆನ್ಸಿನ ಅಲುಗಾಟ ತಡೆಯುವ ಸೌಲಭ್ಯ) ಆಫ್.

ಗಾಜುಗಣ್ಣು:
ಚುಕ್ಕಿ ವಿಧಾನ ಬೇಗ ಮುಗಿಯುತ್ತದೆ, ನಿಜ. ಆದರೆ ಅದರಲ್ಲಿ ಲೆನ್ಸಿನ ಮೋಟರ್ ಅಲುಗುವುದೇ ಇಲ್ಲ. ಫೋಕಸ್ ಮಾಡಿ ನಿಲ್ಲುವಾಗ ಲೆನ್ಸ್ ಸ್ವಲ್ಪ ಮೊದಲೇ ನಿಲ್ಲುವುದೋ ದಾಟಿಹೋಗುವುದೋ ಇದ್ದರೆ ಚುಕ್ಕಿಗೆ ಗೊತ್ತಾಗದು. ಹಾಗಾಗಿ ಅದರಿಂದ ಬಂದ ಅಂಕಿಯನ್ನು ಸ್ಕೇಲಿನ ಮೇಲೆ ಒಮ್ಮೆ ಖಾತ್ರಿ ಮಾಡಿಕೊಳ್ಳಲೇಬೇಕು.

ಬೆಳಕಿಂಡಿ:
ಇಬ್ಬರಿಗೂ ಧನ್ಯವಾದ. ಲೈವ್ ವ್ಯೂ ಫೋಟೊ ಪೂರ್ತಿ ಶಾರ್ಪ್. ವ್ಯೂಫೈಂಡರಿನದ್ದು ಸ್ಕೇಲಿನ ಮೇಲೆ ಸುಮಾರು 4 ಸೆಂ.ಮೀ. ಹಿಂದೆ. ಚುಕ್ಕಿ −13ರಿಂದ −3ರವರೆಗೆ ನಿಂತಿತು, −8 ಇಟ್ಟೆ, ಸ್ಕೇಲಿನಲ್ಲೂ ಸರಿಬಂತು. ಆದರೆ 6 ಮೀಟರಿನಲ್ಲಿ ಪೂರ್ತಿ ಆಳು ಬರುವಂತೆ ತೆಗೆದರೆ ಫೋಕಸ್ ಚೂರು ಮುಂದೆ ಬಿದ್ದ ಹಾಗಿದೆ. ರಾತ್ರಿ ಹಳದಿ ಎಲ್‌ಇಡಿ ಕೆಳಗೂ ಬೇರೆ ಥರ ಬರುತ್ತಿದೆ.

ಗಾಜುಗಣ್ಣು:
ಎರಡೂ ನಿರೀಕ್ಷಿತವೇ. ಈ ಬಾಡಿ ಒಂದು ಲೆನ್ಸಿಗೆ ಒಂದೇ ಅಂಕಿ ಇಟ್ಟುಕೊಳ್ಳುತ್ತದೆ, ದೂರಕ್ಕೆ ತಕ್ಕಂತೆ ಬದಲಿಸುವುದಿಲ್ಲ. 6 ಮೀಟರಿನಲ್ಲಿ ಡೆಪ್ತ್ ಸುಮಾರು 36 ಸೆಂ.ಮೀ. ಇರುವುದರಿಂದ ಆಳು ಅದರೊಳಗೇ ಇದ್ದರೆ −8 ಬಿಟ್ಟುಬಿಡಿ. ಹೊರಗೆ ಹೋಗುತ್ತಿದ್ದರೆ −6 ಇಟ್ಟು ಎರಡೂ ದೂರ ನೋಡಿ. ಹೆಚ್ಚು ಮುಖಚಿತ್ರ ತೆಗೆಯುವವರು ಹತ್ತಿರದ ದೂರಕ್ಕೇ ಹೊಂದಿಸಿಕೊಳ್ಳಬೇಕು. ಇನ್ಫಿನಿಟಿಯನ್ನೂ ಪರೀಕ್ಷಿಸಿ: ದೂರದ ನೀರಿನ ಟ್ಯಾಂಕಿಗೋ ಟವರಿಗೋ ಫೋಕಸ್ ಮಾಡಿ. ಫೈನ್-ಟ್ಯೂನ್ ಹಾಕಿದ ಮೇಲೆ ಕೆಲವೊಮ್ಮೆ ಲೆನ್ಸ್ ಇನ್ಫಿನಿಟಿಗೋ ತೀರಾ ಹತ್ತಿರದ ಮಿತಿಗೋ ಮುಟ್ಟುವುದಿಲ್ಲ, ಮ್ಯಾನ್ಯುಯಲ್‌ನಲ್ಲೇ ಈ ಎಚ್ಚರಿಕೆ ಇದೆ.

ಹಳದಿ ಬೆಳಕಿನಲ್ಲಿ ಬಣ್ಣದ ಕಾರಣಕ್ಕೆ ಎಎಫ್ ಸೆನ್ಸರ್ ಬೇರೆ ಕಡೆ ನಿಲ್ಲುತ್ತದೆ, ಅದಕ್ಕಾಗಿ ಅಂಕಿ ಬದಲಿಸಲು ಹೋಗಬೇಡಿ. ಹಗಲಿನ ಅಂಕಿಯೇ ಇರಲಿ, ಅಂಥ ಬೆಳಕಿನಲ್ಲಿ ಆಳು ಅಲುಗದೆ ನಿಂತಿದ್ದರೆ ಲೈವ್ ವ್ಯೂ ಬಳಸಿ. ಫೈನ್-ಟ್ಯೂನ್ ಅದಕ್ಕೆ ತಾಗುವುದಿಲ್ಲ.

ಮಿಂಚುಳ್ಳಿ:
ಇನ್ನೊಂದು: ಮುಂದೆ ಬೇರೆ ಲೆನ್ಸುಗಳಿಗೂ ಅಳೆದಾಗ ಎಲ್ಲದಕ್ಕೂ ಹೆಚ್ಚುಕಡಿಮೆ ಇಷ್ಟೇ ಮೈನಸ್ ಬಂದರೆ ದೋಷ ಬಾಡಿಯದ್ದು. ಎಡದ ಪಾಯಿಂಟು ಒಂದು ಥರ, ಬಲದ್ದು ಇನ್ನೊಂದು ಥರ ಬಂದರೂ ಅಷ್ಟೇ, ಸಣ್ಣ ಕನ್ನಡಿ ವಾಲಿರಬಹುದು. ಆಗ ಸರ್ವಿಸ್ ಸೆಂಟರಿಗೆ ಬಾಡಿ, ಲೆನ್ಸ್ ಎರಡನ್ನೂ ಒಟ್ಟಿಗೆ ಕೊಡಿ, ಸ್ಕೇಲಿನ ಫೋಟೊಗಳನ್ನೂ ಜೊತೆಗಿಡಿ. ಕನ್ನಡಿ ಪೆಟ್ಟಿಗೆಯೊಳಗಿನ ಸ್ಕ್ರೂ ತಿರುಗಿಸಿ ಸರಿಮಾಡುವ ವಿಡಿಯೋಗಳಿವೆ, ಕೈ ಹಾಕಬೇಡಿ. ತಪ್ಪು ಸ್ಕ್ರೂ ತಿರುಗಿದರೆ ವ್ಯೂಫೈಂಡರಿನ ಫೋಕಸೂ ಕೆಡುತ್ತದೆ.