ಸೀಸದ ಧೂಳು ಮನೆಯವರೆಗೂ ಬರುತ್ತದೆಯೇ?

ಪ್ರಶ್ನೆ:
ನನ್ನ ಪತಿ 11 ವರ್ಷಗಳಿಂದ ಹಳೆಯ ಬ್ಯಾಟರಿಗಳನ್ನು ಬಿಚ್ಚಿ ಪ್ಲೇಟು ಬದಲಿಸುವ ಮತ್ತು ರೇಡಿಯೇಟರ್‌ಗಳಿಗೆ ಬೆಸುಗೆ ಹಾಕುವ ಕೆಲಸ ಮಾಡುತ್ತಿದ್ದಾರೆ. ಕೆಲವು ತಿಂಗಳಿಂದ ಹೊಟ್ಟೆನೋವು, ಮಲಬದ್ಧತೆ, ಸಿಡುಕುತನ ಹೆಚ್ಚಿವೆ. ಕೆಲಸದ ಬಟ್ಟೆಯಲ್ಲೇ ಬಂದು 3 ವರ್ಷದ ಮಗಳನ್ನು ಎತ್ತಿಕೊಳ್ಳುತ್ತಾರೆ. ಅವಳಿಗೂ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬೇಕೇ?

ಉತ್ತರ 1:
ಇಬ್ಬರಿಗೂ ಮಾಡಿಸಿ, ಮಗುವಿನದನ್ನು ಮುಂದೂಡಬೇಡಿ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ವಯಸ್ಕರಿಗಿಂತ 4ರಿಂದ 5 ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲದು, ಮತ್ತು ಮಗು ಚೆನ್ನಾಗಿ ಆಡಿಕೊಂಡಿದ್ದರೂ ಒಳಗೆ ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತಿರಬಹುದು. ರಕ್ತದ ಪ್ರತಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದ್ದರೆ ಅದರ ಮೂಲವನ್ನು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಆದರೆ ಅದಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ ಎಂದು ಅರ್ಥವಲ್ಲ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಚರ್ಮದ ಧೂಳು ಬೆರೆತು ಅಂಕಿ ಏರುವುದುಂಟು, ಆದ್ದರಿಂದ ರಕ್ತನಾಳದಿಂದ ತೆಗೆದ ಮಾದರಿಯಲ್ಲಿ ಖಚಿತಪಡಿಸಿಕೊಳ್ಳಿ.

ಉತ್ತರ 2:
ನಾನೂ ಇದೇ ಕಸುಬಿನವನು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಕೆಂದು ಬಹಳ ಕಾಲ ನಂಬಿದ್ದೆ, ಅದು ಶುದ್ಧ ಭ್ರಮೆ: ಆ ಸೂಕ್ಷ್ಮ ಧೂಳು, ಹೊಗೆ ಬಟ್ಟೆಗೆ ನಿಲ್ಲುವುದಿಲ್ಲ. ಈಗ ಕೆಲಸದ ಜಾಗದಲ್ಲೇ ಸ್ನಾನ ಮಾಡಿ, ಬಟ್ಟೆ, ಚಪ್ಪಲಿ ಬದಲಿಸಿ ಹೊರಡುತ್ತೇನೆ. ಕೆಲಸದ ಬಟ್ಟೆಯನ್ನು ಕೊಡವಬಾರದು, ಮನೆಯವರ ಬಟ್ಟೆಯೊಂದಿಗೆ ಒಗೆಯಲೂಬಾರದು.

ಉತ್ತರ 3:
ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ನೀವು ಗರ್ಭಿಣಿಯಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಏಕೆಂದರೆ ಮೂಳೆಯಲ್ಲಿ ದಶಕಗಳ ಕಾಲ ಉಳಿಯುವ ಸೀಸ ಆಗ ರಕ್ತಕ್ಕೆ ಮರಳಿ ಭ್ರೂಣವನ್ನು ತಲುಪಬಲ್ಲದು.